ಪೀಪಾಯಿಗೆ ಉಗಿದವರು

ಬಸ್ ನಿಲ್ದಾಣದ ಕಸ ಗುಡಿಸುವವನನ್ನು ಎಲ್ಲರೂ ಗೊಣಗಪ್ಪ ಎಂದೇ ಕರೆಯುತ್ತಿದ್ದರು. ಅವನಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಇಪ್ಪತ್ತಾರು ವರ್ಷ ಕಂಡವರ ಎಂಜಲು ಬಳಿದವನು ಗೊಣಗದೆ ಹಾಡು ಹೇಳುತ್ತಾನೆಯೇ? ಮುಖ ನೋಡಿದರೆ ಸಾಕು, ಯಾರು ಎಲ್ಲಿ ಉಗಿಯುತ್ತಾರೆಂದು ಹೇಳಬಲ್ಲವನಾಗಿದ್ದ. ಇಸ್ತ್ರಿ ಅಂಗಿಯವರು ಕಂಬದ ಹಿಂದೆ, ಆತುರದವರು ಮೆಟ್ಟಿಲ ಮೇಲೆ, ಬಸ್ಸಿನೊಳಗೆ ಕೂತವರು ಕಿಟಕಿಯಿಂದ ನೇರವಾಗಿ ಇವನ ಪೊರಕೆಯ ಮೇಲೆ.

ಅವನು ಎದುರಾಡದಿದ್ದದ್ದು ಒಬ್ಬಳಿಗೆ ಮಾತ್ರ, ಅಕ್ಕನಿಗೆ. ತಾಯಿ ತೀರಿಕೊಂಡ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳೇ. ಅದೇ ನಿಲ್ದಾಣದ ಲಗೇಜು ಕೋಣೆಯಲ್ಲಿ ಪ್ರಯಾಣಿಕರ ಪೆಟ್ಟಿಗೆಗಳಿಗೆ ಚೀಟಿ ಕಟ್ಟುವ ಕೆಲಸ ಅವಳದು. ಆ ಕೋಣೆಗೂ ಹೊರಗಿನ ಹಜಾರಕ್ಕೂ ನಡುವೆ ಗೋಡೆ ಎನ್ನುವ ಹೆಸರಿಗೆ ಒಂದು ಪ್ಲೈವುಡ್ ಹಲಗೆ.

ಯಾರೋ ಬಾಂಬ್ ಇಡುತ್ತೇವೆಂದು ಬೆದರಿಕೆ ಹಾಕಿದರೆಂದು ಆ ವರ್ಷ ನಿಲ್ದಾಣಕ್ಕೆ ಸೈನಿಕರು ಬಂದರು. ದಿನಕ್ಕೆ ಮೂರು ಪಾಳಿ, ಪಾಳಿಗೆ ಇಬ್ಬರು, ಕೈಯಲ್ಲಿ ಗುಂಡು ತುಂಬಿದ ಬಂದೂಕು. ಪಾಳಿ ಮುಗಿದಾಗ ಬಂದೂಕು ಖಾಲಿ ಮಾಡಲೆಂದು ಪ್ಲೈವುಡ್ ಗೋಡೆಯ ಪಕ್ಕದಲ್ಲಿ ಮರಳು ತುಂಬಿದ ಪೀಪಾಯಿ ಇಟ್ಟರು. ಅವರ ಹವಾಲ್ದಾರ ಗೊಣಗಪ್ಪನನ್ನು ಕರೆದು ಬಿಡಿಸಿ ಹೇಳಿದ. ಮೊದಲು ಗುಂಡುಗಳಿರುವ ಮ್ಯಾಗಜೀನ್ ಕಳಚಬೇಕು, ಆಮೇಲೆ ಬಂದೂಕಿನ ನಳಿಗೆಯನ್ನು ಪೀಪಾಯಿಯೊಳಗೆ ಇಳಿಸಿ ಟ್ರಿಗರ್ ಎಳೆಯಬೇಕು. ಮರೆತು ಒಂದು ಗುಂಡು ಒಳಗೇ ಉಳಿದಿದ್ದರೂ ಮರಳು ನುಂಗಿಕೊಳ್ಳುತ್ತದೆ.

ಗೊಣಗಪ್ಪನಿಗೆ ಪೀಪಾಯಿಯ ಮೇಲೆ ಗೌರವ ಹುಟ್ಟಿತು. ಅದು ಎಂಟು ದಿನ ಬಾಳಿತು. ಒಂಬತ್ತನೆಯ ದಿನ ಯಾರೋ ಪುಣ್ಯಾತ್ಮ ಅದರೊಳಗೆ ಉಗಿದ. ಒಬ್ಬ ಉಗಿದದ್ದು ಕಂಡರೆ ಸಾಕಲ್ಲ, ಉಳಿದವರಿಗೆ ದಾರಿ ಸಿಕ್ಕಂತೆ. ಬೀಡಿ ತುಂಡು, ಹಣ್ಣಿನ ಸಿಪ್ಪೆ, ಕೂಸಿನ ಹೇಲುಬಟ್ಟೆ, ಎಲ್ಲವೂ ಅದಕ್ಕೇ. 'ಉಗುಳಬೇಡಿ' ಎಂದು ಗೊಣಗಪ್ಪ ಬರೆಸಿ ಅಂಟಿಸಿದ. ಆ ಅಕ್ಷರಗಳ ಮೇಲೇ ಗುರಿಯಿಟ್ಟು ಉಗಿದರು. ಬೆಳಿಗ್ಗೆ ಬಳಿದು ತೆಗೆದರೆ ಮಧ್ಯಾಹ್ನದೊಳಗೆ ಗಬ್ಬು ನಾರುತ್ತಿತ್ತು.

ಸೈನಿಕರೂ ಮನುಷ್ಯರೇ, ಅವರಿಗೂ ಹೇಸಿಗೆಯಾಯಿತು. ದಿನಾ ಎಣ್ಣೆ ಹಚ್ಚಿ ಒರೆಸುವ ಬಂದೂಕನ್ನು ಆ ಹೊಲಸಿಗೆ ಇಳಿಸಲು ಯಾರಿಗೆ ಮನಸ್ಸು ಬಂದೀತು? ಮೂಗು ಮುಚ್ಚಿಕೊಂಡು ನಳಿಗೆಯನ್ನು ಪಕ್ಕಕ್ಕೆ ತಿರುಗಿಸಿ ಟ್ರಿಗರ್ ಎಳೆದುಬಿಡುತ್ತಿದ್ದರು. ಪಕ್ಕಕ್ಕೆಂದರೆ ಪ್ಲೈವುಡ್ ಗೋಡೆಗೆ. ಅದರ ಆಚೆ ಅಕ್ಕ.

ಅದನ್ನು ಮೊದಲ ಸಲ ಕಂಡಾಗ ಗೊಣಗಪ್ಪನ ಮೈ ಉರಿದುಹೋಯಿತು. ಉದ್ದನೆಯ ಸಿಪಾಯಿಯೊಬ್ಬ ನಕ್ಕು, "ಖಾಲಿ ಇದೆ ಮಾಮ, ಯಾಕೆ ಹೆದರ್ತೀಯ?" ಎಂದ.

"ಖಾಲಿ ಇದ್ರೆ ನಿನ್ ಕಾಲಿಗೆ ಹಿಡ್ಕೊಂಡು ಎಳಿ, ನೋಡೋಣ," ಎಂದ ಗೊಣಗಪ್ಪ.

ಸಿಪಾಯಿ ಎಳೆಯಲಿಲ್ಲ. ನಗುವುದನ್ನೂ ನಿಲ್ಲಿಸಲಿಲ್ಲ.

ಸ್ಟೂಲನ್ನು ಗೋಡೆಯಿಂದ ದೂರದ ಮೂಲೆಗೆ ಎಳೆದುಕೋ ಎಂದು ಗೊಣಗಪ್ಪ ಅಕ್ಕನಿಗೆ ಗೋಗರೆದ. ಆ ಮೂಲೆಗೆ ಫ್ಯಾನಿನ ಗಾಳಿ ಬರುವುದಿಲ್ಲ ಎಂದಳು. ಇಷ್ಟು ಜನ ಓಡಾಡುವ ಕಡೆ ಗುಂಡು ತುಂಬಿದ ಬಂದೂಕೇ ಬೇಡ, ಬೇಕಾದಾಗ ತುಂಬಿಕೊಳ್ಳಲಿ ಎಂದು ಅವನು ಮೆಲ್ಲಗೆ ಹೇಳಿನೋಡಿದ. ಅದಕ್ಕೂ ಅವಳು ಒಪ್ಪಲಿಲ್ಲ. "ಬಾಂಬ್ ಇಡೋನು ಬಂದಾಗ, ತಾಳಪ್ಪ ತುಂಬ್ಕೋತೀನಿ ಅಂತಾರೇನೋ? ಖಾಲಿ ಬಂದೂಕು ಹಿಡ್ದು ನಿಲ್ಲೋಕೆ ಬೆದರುಬೊಂಬೆ ಸಾಕು. ಹೋಗು, ನಿನ್ ಕೆಲ್ಸ ನೋಡ್ಕೋ."

ಅವನು ಕೆಲಸ ನೋಡಿಕೊಂಡ. ದಿನಕ್ಕೊಂದು ಸಲ ಬಳಿಯುತ್ತಿದ್ದ ಪೀಪಾಯಿಯನ್ನು ಮೂರು ಸಲ ಬಳಿಯತೊಡಗಿದ. ಆದರೂ ಒಂದು ಮಧ್ಯಾಹ್ನ ಎರಡು ಗಂಟೆಗೆ, ಅವನು ಆಚೆ ಬದಿಯ ಕಕ್ಕಸು ತೊಳೆಯುತ್ತಿದ್ದಾಗ, ಗುಂಡಿನ ಸದ್ದು ಕೇಳಿಸಿತು. ಓಡಿ ಬಂದು ನೋಡಿದರೆ ಉದ್ದನೆಯ ಸಿಪಾಯಿ ಬಾಯಿ ತೆರೆದು ನಿಂತಿದ್ದ. ಪ್ಲೈವುಡ್ಡಿನಲ್ಲಿ ಬೆರಳು ತೂರುವಷ್ಟು ತೂತು. ಒಳಗೆ ಅಕ್ಕ ಎಡ ಭುಜ ಒತ್ತಿ ಹಿಡಿದು ಪೆಟ್ಟಿಗೆಗಳ ನಡುವೆ ಕುಸಿದಿದ್ದಳು. ಮ್ಯಾಗಜೀನ್ ಕಳಚಿದ್ದನಂತೆ. ನಳಿಗೆಯಲ್ಲಿ ಒಂದು ಗುಂಡು ಉಳಿದಿತ್ತಂತೆ.

ಆಸ್ಪತ್ರೆಯಲ್ಲಿ ಮೂಳೆ ಕೂಡಿಸಿದರು. ಪ್ರಜ್ಞೆ ಬಂದ ಮೇಲೆ ಅಕ್ಕ ತಮ್ಮನ ಮುಖ ನೋಡಿ, "ಗುಂಡು ಇರ್ಬೇಕು ಅಂದಿದ್ದು ನಾನೇ ಕಣೋ. ನನ್ ಕಡೆಗೇ ಬರುತ್ತೆ ಅಂತ ಗೊತ್ತಿರ್ಲಿಲ್ಲ," ಎಂದಳು.

ವಿಚಾರಣೆಗೆ ಅಧಿಕಾರಿ ಬಂದ. ತೂತು ಅಳೆದ, ಪೀಪಾಯಿಯೊಳಗೆ ಇಣುಕಿ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡ. ಸಿಪಾಯಿಯನ್ನು ಬೇರೆ ಊರಿಗೆ ಕಳಿಸಿದರು. ಗೊಣಗಪ್ಪನ ಮುಂದೆ ಒಂದು ಕಾಗದ ಇಟ್ಟರು. ಪೀಪಾಯಿಯನ್ನು ಚೊಕ್ಕಟವಾಗಿ ಇಡದ ಕಾರಣ ಆಕಸ್ಮಿಕವಾಗಿ ಗುಂಡು ಹಾರಿದೆ, ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ ಎಂದು ಅದರಲ್ಲಿ ಅವನ ಹೆಸರಿನಲ್ಲಿ ಬರೆದಿತ್ತು. ಉಗಿದವರ ಹೆಸರು ಇರಲಿಲ್ಲ. ಟ್ರಿಗರ್ ಎಳೆದವನ ಹೆಸರೂ ಇರಲಿಲ್ಲ.

"ಇಷ್ಟು ಜನ ಇರೋ ಕಡೆ ಗುಂಡು ತುಂಬ್ಕೊಂಡು ಯಾಕ್ ಸಾರ್ ನಿಲ್ಬೇಕು?" ಎಂದು ಕೇಳಿದ.

"ಅದು ನಿನಗೆ ಬೇಡದ ವಿಷಯ," ಎಂದ ಅಧಿಕಾರಿ.

ಕಾಗದ ಹರಿದು ಅವನ ಮುಖಕ್ಕೆ ಎಸೆಯೋಣವೆಂದು ಕೈ ತುರಿಸಿತು. ಆದರೆ ಕೆಲಸ ಹೋದರೆ ಅಕ್ಕ ತಿರುಗಿ ಬರುವ ಹೊತ್ತಿಗೆ ಪೀಪಾಯಿಯ ಬಳಿ ಯಾರಿರುತ್ತಾರೆ? ಹಲ್ಲು ಕಚ್ಚಿ ರುಜು ಹಾಕಿದ.

ಎರಡು ತಿಂಗಳಿಗೆ ಅಕ್ಕ ಬಂದಳು. ಎಡಗೈ ಮೇಲೇಳುತ್ತಿರಲಿಲ್ಲ, ಬಲಗೈ ಮತ್ತು ಹಲ್ಲಿನಿಂದ ಚೀಟಿ ಕಟ್ಟುತ್ತಿದ್ದಳು. ತೂತಿಗೆ ಕಾಗದ ಅಂಟಿಸಿದ್ದರು, ಅಷ್ಟೇ. ಆ ದಿನ ಎರಡು ಗಂಟೆಗೆ ಗೊಣಗಪ್ಪ ಪೀಪಾಯಿಯೊಳಗೆ ಮೊಣಕೈವರೆಗೆ ಕೈ ಹಾಕಿ ಹೊಲಸು ಎತ್ತುತ್ತಿದ್ದ. ಪಾಳಿ ಮುಗಿಸಿ ಬಂದ ಹೊಸ ಸಿಪಾಯಿ ಮ್ಯಾಗಜೀನ್ ಕಳಚಿ, ಮುಖ ಕಿವುಚಿ, ನಳಿಗೆಯನ್ನು ಗೋಡೆಯತ್ತ ತಿರುಗಿಸಿದ.

ಗೊಣಗಪ್ಪ ಅದೇ ಕೈಯಿಂದ ನಳಿಗೆಯನ್ನು ಹಿಡಿದು ಮರಳಿಗೆ ಜಗ್ಗಿದ.

ಸೈನಿಕನ ಬಂದೂಕು ಮುಟ್ಟಿದರೆ ಜೈಲು ಎಂಬುದು ಅವನಿಗೂ ಗೊತ್ತಿತ್ತು. ಸಿಪಾಯಿಯ ಕಣ್ಣು ನಳಿಗೆಯ ಮೇಲೆ ಇಳಿಯುತ್ತಿದ್ದ ಕಫದ ಮೇಲೇ ನೆಟ್ಟಿತ್ತು. "ಥೂ, ಕೈ ತೆಗಿಯೋ. ಗಲೀಜಾಯ್ತು," ಎಂದ.

"ಆಮೇಲೆ ಒರೆಸ್ಕೋ," ಎಂದ ಗೊಣಗಪ್ಪ, ಕೈ ಸಡಿಲಿಸದೆ. "ಮೊದ್ಲು ಇಲ್ಲಿ ಎಳಿ."

ಸಿಪಾಯಿ ಸುತ್ತ ನೋಡಿದ. ಆಮೇಲೆ ಎಳೆದ. ಬರೀ ಟಕ್ಕೆಂದು ಸದ್ದಾಯಿತು. ಗೊಣಗಪ್ಪ ಕೈ ಬಿಟ್ಟು, ಪಾಳಿಯ ಎರಡನೆಯ ಸಿಪಾಯಿಯ ಕಡೆ ತಿರುಗಿ ನಿಂತ.