ಕೈ ಕೊಡುವುದು

ಇದನ್ನು ಹಲವರಿಗೆ ಹೇಳಿದ್ದೇನೆ, ಪ್ರತಿ ಸಲ ಸ್ವಲ್ಪ ಚಂದ ಮಾಡಿ. ಚಂದವಾದಷ್ಟೂ ಅದರಲ್ಲಿ ನಾನು ಒಳ್ಳೆಯವಳಾಗುತ್ತ ಹೋದೆ. ಈ ಸಲ ಸಂಶಯವಿದ್ದಲ್ಲಿ ಸಂಶಯವೆಂದೇ ಬರೆಯುತ್ತೇನೆ.

ಸಂಶಯವಿಲ್ಲದ್ದು ಇಷ್ಟು. ಅಕ್ಕ ಬಸವನ ಬಾಗೇವಾಡಿಯ ಗಂಡನ ಮನೆಯಿಂದ ಸಿಂದಗಿಯ ನಮ್ಮ ಮನೆಗೆ ಬಂದಾಗ, ಅವಳ ಕಿವಿಯ ಹಿಂದೆ ಹೆಬ್ಬೆರಳಿನಗಲ ಕೂದಲು ಕಿತ್ತುಹೋಗಿತ್ತು. ಒಂದು ತಿಂಗಳು ಬಿಟ್ಟು ವಾಪಸು ಕಳಿಸುವುದೆಂದು ಹಿರಿಯರು ಮಾತಾಡಿ ಮುಗಿಸಿದರು. ಅಷ್ಟರೊಳಗೆ ಅವಳ ಮೇಲೆ ಗಂಡ ಕೈ ಮಾಡಲಾಗದಂತೆ ಮಾಡಬೇಕೆಂಬುದು ನನ್ನ ಯೋಚನೆ. ಅವಳದೂ ಅದೇ ಆಗಿತ್ತೇ? ನಾನು ಕೇಳಿರಲಿಲ್ಲ.

ಇಂಡಿ ಪಟ್ಟಣದ ಹತ್ತಿರ ನಮ್ಮ ಕಾಕಾನ ಲಿಂಬೆ ತೋಟವಿದೆ. ಕಾಕಾ ಪ್ರಾಯದಲ್ಲಿ ಪೈಲ್ವಾನನಾಗಿದ್ದ. ಅಕ್ಕನನ್ನು ಕರೆದುಕೊಂಡು ಆ ತಿಂಗಳು ಅಲ್ಲಿಗೇ ಹೋಗಿ ಉಳಿದೆ.

"ಕಾಕಾ, ಅಕ್ಕಗ ಒಂದೆರಡು ಡಾವ ಕಲಸು," ಅಂದೆ.

"ಯಾವ ಊರ ಕುಸ್ತಿಗಿ ಕಳಸಾಕತ್ತೀದಿ ಆಕೀನ?" ಎಂದು ಕಾಕಾ ನಕ್ಕ.

ಅಕ್ಕ ಕೂದಲು ಸರಿಸಿ ತೋರಿಸಿದಳು. ಕಾಕಾ ಗುದ್ದಲಿ ತಂದು ಎರಡು ಸಾಲು ಗಿಡಗಳ ನಡುವೆ ಮಣ್ಣು ಸಡಿಲಿಸಿದ. ಉದುರಿದ ಮುಳ್ಳುಗಳನ್ನು ಕೂತು ಆರಿಸಿದ.

ನಮ್ಮ ಕಡೆ ಒಗೆಯುವುದೆಂದರೆ ಬಟ್ಟೆ ತೊಳೆಯುವುದೂ ಹೌದು, ಎಸೆಯುವುದೂ ಹೌದು. ಕಾಕಾನ ಪಾಠವೆಲ್ಲ ಆ ಒಂದೇ ಶಬ್ದದಲ್ಲಿತ್ತು. "ಅರಿವಿ ಒಗ್ಯಾಕತ್ತೇನಿ ಅಂತ ತಿಳಕೋ. ಹೆಗಲ ಮ್ಯಾಲಿಂದ ತಂದು ಕಲ್ಲಿಗೆ ಬಡಿ." ಕೂದಲು ಹಿಡಿದರೆ ಬಿಡಿಸಿಕೊಳ್ಳಲು ಎಳೆದಾಡಬಾರದು. ಹಿಡಿದವನ ಕಡೆಗೇ ನುಗ್ಗಬೇಕು. ಅವನ ತೋಳನ್ನು ಬಗಲಲ್ಲಿ ಸಿಗಿಸಿ, ಬೆನ್ನು ಕೊಟ್ಟು ತಿರುಗಿ, ನಮ್ಮ ಸೊಂಟವನ್ನು ಅವನ ಸೊಂಟದ ಕೆಳಗಿಟ್ಟು ಬಗ್ಗಬೇಕು.

"ಕೈಲೆ ಎತ್ತಬ್ಯಾಡವ್ವಾ, ಟೊಂಕಲೆ ಎತ್ತು."

ಬೀಳುವವಳು ನಾನು. ಗದ್ದ ಎದೆಗೆ ಹಚ್ಚಬೇಕು, ಅಂಗೈಯಿಂದ ನೆಲ ಬಡಿಯಬೇಕು. ಇಲ್ಲದಿದ್ದರೆ ತಲೆ ಬಡಿಯುತ್ತದೆ. ಮೊದಮೊದಲು ಅಕ್ಕ ನನ್ನನ್ನು ಮೆಲ್ಲಗೆ ಇಳಿಸುತ್ತಿದ್ದಳು.

"ಏ ಹುಚ್ಚಿ, ಕೂಸಿನ್ನ ಮಲಗಸಾಕತ್ತೀದೇನ? ಒಗಿಯಂದ್ರ ಒಗಿ!"

ಒಂದು ದಿನ ನಾನು ನಿಜವಾಗಿಯೂ ಹಾರಿದೆ. ಬೆನ್ನು ಮಣ್ಣಿಗೆ ಬಿದ್ದು ಉಸಿರು ನಿಂತಿತು. ಮೇಲೆ ಅಕ್ಕನ ಮುಖ. ಊರಿಂದ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

"ಅದೀಯೋ, ಹೋದೆಯೋ?" ಎಂದು ಕೈ ಚಾಚಿದಳು.

ಆ ಕೈ ನನಗೆ ಬಹಳ ಸೇರಿತು. ಆಮೇಲೆ ಬಿದ್ದಾಗಲೆಲ್ಲ, "ಕೈ ಕೊಡ್ಲಿಲ್ಲಂದ್ರ ಏಳಂಗಿಲ್ಲ ನಾ," ಎಂದು ಬಿದ್ದೇ ಇರುತ್ತಿದ್ದೆ. ಒಗೆಯುವುದು, ಕೈ ಕೊಡುವುದು. ತಿಂಗಳು ಮುಗಿಯುವ ಹೊತ್ತಿಗೆ ಎರಡರ ನಡುವೆ ಬಿಡುವೇ ಇರಲಿಲ್ಲ.

ಅವಳು ಹೋಗಿ ಎರಡು ತಿಂಗಳಾಗಿರಬೇಕು, ದವಾಖಾನೆಯಿಂದ ಫೋನ್ ಬಂತು. ಅಲ್ಲಿಗೆ ಹೋದಾಗ ಅಕ್ಕ ಹೇಳಿದ್ದು ಇಷ್ಟು. ಮಧ್ಯಾಹ್ನ, ಅಡುಗೆಮನೆ. ಅವನು ಕೂದಲು ಹಿಡಿದ. ಅವಳು ಅವನ ಕಡೆಗೇ ನುಗ್ಗಿದಳು, ತಿರುಗಿದಳು, ಬಗ್ಗಿದಳು. ಫರಸಿಕಲ್ಲಿನ ನೆಲದ ಮೇಲೆ ಅವನು ಅಂಗಾತ ಬಿದ್ದ. ಬಾಗಿಲು ತೆರೆದಿತ್ತು, ಓಣಿಯಲ್ಲಿ ಜನ ಇದ್ದರು. ಅವಳು ನಿಂತು ಕೈ ಚಾಚಿದಳು. ಅವನು ಆ ಕೈ ಹಿಡಿದು ಎದ್ದ, ಬಿಡಲಿಲ್ಲ, ತಿರುವಿದ. ಅವಳ ಭುಜದ ಕೀಲು ತಪ್ಪಿತು.

ಕಾಕಾ "ಓಡು" ಎಂದು ಕಲಿಸಲೇ ಇಲ್ಲ ಎಂದು ನಾನು ಕಂಡಕಂಡವರ ಮುಂದೆ ಹೇಳಿಕೊಂಡು ತಿರುಗಿದೆ. ಅದು ಕಾಕಾನ ಕಿವಿಗೂ ಬಿತ್ತು.

"ಓಡಂತ ಪೈಲ್ವಾನ ಯಾವಾಗರ ಹೇಳ್ಯಾನೇನವ್ವಾ?" ಅಂದ. "ಚಿತ್ ಆಗಿ ಬಿದ್ದಾಂವಗ ಕೈ ಕೊಟ್ಟು ಎಬ್ಬಸೂದು ನಮ್ಮ ರಿವಾಜು. ಕುಸ್ತಿ ಅಲ್ಲಿಗೆ ಮುಗೀತೈತಿ." ಕೊನೆಗೆ, "ಅಂವಂದು ಕುಸ್ತಿ ಅಲ್ಲಂತ ನನಗ ಹೊಳೀಲೇ ಇಲ್ಲ," ಅಂದ.

ಆಮೇಲೆ ಕಾಕಾ ನಾವು ಕಲಿತ ಆ ಸಾಲಿಗೆ ನೀರು ಬಿಡಲೇ ಇಲ್ಲ ಎಂದು ಬರೆಯಲು ಕೈ ಹೋಗುತ್ತದೆ. ಸುಳ್ಳು. ಬಿಟ್ಟ. ಆ ವರ್ಷ ಲಿಂಬೆ ಚೆನ್ನಾಗಿ ಬಂತು.

ಅಕ್ಕ ಮತ್ತೆ ಸಿಂದಗಿಗೆ ಬಂದಳು. ಮುದ್ದೇಬಿಹಾಳದಿಂದ ದೊಡ್ಡಪ್ಪ ಬಂದರು, ಗಂಡನ ಕಡೆಯವರೂ ಬಂದರು. ಭುಜದ ಮಾತು ಬೇಗ ಮುಗಿಯಿತು. ಗಂಡನನ್ನು ಒಗೆದವಳು ಎಂಬ ಮಾತು ಮುಗಿಯಲಿಲ್ಲ.

"ಇನ್ನೊಮ್ಮೆ ಹಂಗ ಮಾಡೂದಿಲ್ಲಂತ ಹೇಳಿ ಬಿಡವ್ವಾ, ಎಲ್ಲಾ ಸರಿಹೋಗ್ತೈತಿ," ಅಂದರು ದೊಡ್ಡಪ್ಪ. ಅವನಿಂದ ಯಾರೂ ಏನೂ ಹೇಳಿಸಲಿಲ್ಲ. ಅಕ್ಕ, "ಹೂಂರಿ," ಅಂದಳು. ನಾನು ಬಾಗಿಲಲ್ಲೇ ನಿಂತಿದ್ದೆ. ಏನಾದರೂ ಅಂದೆನೇ? ಅಂದಂತೆ ನೆನಪಿದೆ. ಆ ನೆನಪನ್ನು ನಾನು ನಂಬುವುದಿಲ್ಲ.

ಮರುದಿನ ಅವಳು ಎಡಗೈಯಿಂದ ತೊಗರಿಬೇಳೆ ಹಸನು ಮಾಡುತ್ತಿದ್ದಳು. ನಾನು ತಪ್ಪು ಒಪ್ಪಿಕೊಂಡರೆ ಅವಳು ಹೋಗದೆ ನಿಲ್ಲಬಹುದು ಅಂದುಕೊಂಡೆ.

"ಅಕ್ಕಾ, ನಿನಗ ಕೈ ಕೊಡೂ ಚಾಳಿ ಹಚ್ಚಿದಾಕಿ ನಾನ."

"ನಿನ್ನ ನೆನಪ ಬರಲಿಲ್ಲ ತಂಗಿ ನನಗ." ಬೇಳೆಯಿಂದ ತಲೆ ಎತ್ತಲಿಲ್ಲ. "ಬಿದ್ದಾಂವ ನನ್ನ ಮಾರಿ ನೋಡಿದ. ಅಂಜಿದ್ದ. ಇಷ್ಟು ವರ್ಷದಾಗ ಅಂವ ಅಂಜಿದ್ದು ನಾ ನೋಡಿರಲಿಲ್ಲ. ಈಗರ ತಿಳೀತು ಇವಗ, ಅಂದ್ಕೊಂಡೆ."

"ಹೋಗಬ್ಯಾಡ."

"ಇಲ್ಲಿದ್ದು? ನಿಮ್ಮ ಬ್ಯಾಳಿ ಹಸನ ಮಾಡಕೋತ ಇರಲೇನ?"

ಇರು ಎನ್ನಲು ಆ ಮನೆ ನನ್ನದಾಗಿರಲಿಲ್ಲ, ನನ್ನ ಮಾತು ನಡೆಯುತ್ತಲೂ ಇರಲಿಲ್ಲ. ಇದು ನಿಜವೂ ಹೌದು, ನೆಪವೂ ಹೌದು.

ಸಿಂದಗಿಯ ಬಸ್‌ಸ್ಟ್ಯಾಂಡಿನಲ್ಲಿ ಅವಳು ಹೊರಟ ದಿನ ವಿಪರೀತ ಗದ್ದಲ. ಬಾಗೇವಾಡಿ ಬಸ್ಸು ಬಂದು ನಿಲ್ಲುವ ಮೊದಲೇ ಜನ ಮುತ್ತಿದರು. ಅವಳಿಗೆ ಕಂಬಿ ಹಿಡಿದು ನಿಂತು ಹೋಗುವುದು ಸಾಧ್ಯವಿರಲಿಲ್ಲ, ಬಲಗೈ ಮೇಲೇಳುತ್ತಿರಲಿಲ್ಲ. ನಾನು ಓಡಿಹೋಗಿ, ಕಿಟಕಿಯಿಂದ ಟವೆಲ್ ಹಾಕಿ ಅವಳಿಗೆ ಸೀಟು ಹಿಡಿದೆ.