ಮೊಲ ಮೇಯ್ದ ಸ್ವಾಗತ

ಈಗೀಗ ಯಾರ ಮನೆಗೆ ಹೋದರೂ ಬಾಗಿಲ ನೆತ್ತಿಯ ಮೇಲೆ, ಗಾಜಿನ ಚೌಕಟ್ಟಿನೊಳಗೆ, ದಾರದಲ್ಲಿ ಹೆಣೆದ ಎರಡು ಗಿಣಿಗಳ ನಡುವೆ ‘ಸ್ವಾಗತ’ ಎಂಬ ಮೂರು ಅಕ್ಷರ ಕೂತಿರುತ್ತವೆ. ಕೆಳಗೆ ಬಾಗಿಲು ಹಾಕಿರುತ್ತದೆ. ಚಿಲಕ ಬಡಿದು, ಒಳಗಿನವರು ಕಿಟಕಿಯ ಸಂದಿಯಲ್ಲಿ ಕಣ್ಣಿಟ್ಟು, ಬಂದವರು ಹಣ್ಣು ತಂದವರೋ ಹಿಟ್ಟು ಕೇಳುವವರೋ ಎಂದು ತೀರ್ಮಾನಿಸಿ ಅಗುಳಿ ತೆಗೆಯುವ ತನಕ ಆ ಗಿಣಿಗಳನ್ನೇ ನೋಡುತ್ತ ನಿಲ್ಲುವುದು ಅಭ್ಯಾಗತರ ಪಾಲಿನ ಕರ್ಮ. ಹಾಗೆ ಹೆಣೆಯುವವರನ್ನು ನಾನು ಆಡಿಕೊಳ್ಳುವುದಿಲ್ಲ ಎಂದು ಸುಳ್ಳು ಹೇಳಲಾರೆ, ಬಾಯಿತುಂಬ ಆಡಿಕೊಳ್ಳುತ್ತೇನೆ. ಆ ಪದದ ಮೇಲೆ ನನಗಿರುವ ತಾತ್ಸಾರ ಹಳೆಯದು. ಅದಕ್ಕೆ ಒಂದು ತೋಟ ಕಾರಣ.

ದೊಡ್ಡೇರಿಯ ನಮ್ಮ ಮನೆಗೆ ಹೂದೋಟವೆಂಬ ಹೆಸರಿನದೇನೂ ಇರಲಿಲ್ಲ, ಹಿತ್ತಲಿತ್ತು. ಒಂದು ಬಿಲ್ವ, ಒಂದು ಹೊಂಗೆ, ಕಣಗಿಲೆ, ದಾಸವಾಳ, ಕರಿಬೇವು, ಬಚ್ಚಲ ನೀರು ಕುಡಿದು ಕೊಬ್ಬಿದ ಬಾಳೆ, ಮನೆಯ ಮುಂದಿನಿಂದ ಹಿಂದಿನವರೆಗೂ ಕಳ್ಳಿ ಲಕ್ಕಿಗಳು ತಬ್ಬಿಕೊಂಡು ಬೆಳೆದ ಬೇಲಿ. ಬೇಲಿಯ ಬುಡದ ಹುಲ್ಲಿಗೆ ಮೊಲ ಬರುತ್ತಿತ್ತು, ಹೊರಗೇ ಮೇಯ್ದು ಹೊರಗೇ ಹೋಗುತ್ತಿತ್ತು. ಕಲ್ಲುಬಾನಿಯ ನೀರಿಗೆ ಗೊರವಂಕ, ಅಳಿಲು, ಒಮ್ಮೊಮ್ಮೆ ನವಿಲು, ದಾರಿಯ ಗಾಡಿಗಳ ಎತ್ತು ಎಲ್ಲವೂ ಸರದಿ ಹಿಡಿಯುತ್ತಿದ್ದವು. ಹಿತ್ತಲ ಬಾಗಿಲಿಗೆ ಅಗುಳಿ ಇರಲಿಲ್ಲ. ಕರಿಬೇವಿಗೆಂದು ಬೀದಿಯ ಹೆಂಗಸರು, ಹೊಂಗೆಯ ನೆರಳಿಗೆಂದು ಬಿಸಿಲಲ್ಲಿ ನಡೆದು ಬಂದವರು ಯಾರನ್ನೂ ಕೇಳದೆ ಒಳಗೆ ಬರುತ್ತಿದ್ದರು. ಬೆಳಿಗ್ಗೆ ಲಿಂಗಪೂಜೆಗೆ ಪತ್ರೆ ಕೊಯ್ಯುವಾಗ, ಇಂದೂ ಇಷ್ಟು ಜೀವ ನನ್ನ ಬಾಗಿಲಿಗೆ ಬಂದವಲ್ಲಪ್ಪ ಎಂದು ಶಿವನಿಗೆ ಒಪ್ಪಿಸುತ್ತಿದ್ದೆ. ಒಪ್ಪಿಸಲು ನನ್ನ ಹತ್ತಿರ ಬೇರೆ ಐಶ್ವರ್ಯವೂ ಇರಲಿಲ್ಲ.

ಇಂಥ ಹಿತ್ತಲಿಗೆ ನಮ್ಮ ಭಾವನವರು, ಎಂದರೆ ನಮ್ಮ ಯಜಮಾನರ ಅಣ್ಣ, ಸಿರಾದಲ್ಲಿ ಶೇಕದಾರಿಕೆ ಮುಗಿಸಿ ಪಿಂಚಣಿಯ ಸಮೇತ ಆಗಮಿಸಿದರು. ಬರುವ ದಾರಿಯಲ್ಲಿ ಬೆಂಗಳೂರಿಗೆ ಹೋಗಿ ಲಾಲ್‌ಬಾಗು ನೋಡಿದ್ದರು. ಸಿರಾದಿಂದ ದೊಡ್ಡೇರಿಗೆ ಬೆಂಗಳೂರು ಹೇಗೆ ದಾರಿಯಾಯಿತೆಂದು ಕೇಳಬೇಡಿ. ಸರ್ಕಾರಿ ಕೆಲಸದಲ್ಲಿದ್ದವರ ದಾರಿಗಳೇ ಹಾಗೆ. ಮನೆಯ ಮುಂದೆ ‘ವನ್ಯಜೀವಿಗಳಿಗೂ ಸಜ್ಜನರಿಗೂ ಸಂತೋಷಕರವಾದ ಉದ್ಯಾನ’ ಮಾಡುವೆನೆಂದು ಘೋಷಿಸಿ, ಮೊದಲ ಕೆಲಸವಾಗಿ ಮುಂದಿನ ಬೇಲಿಯನ್ನು ಕೀಳಿಸಿ ತಂತಿ ಎಳೆಸಿದರು. ಗಾರೆಯಲ್ಲಿ ಎರಡು ನವಿಲು ಮಾಡಿಸಿ ನೀಲಿ ಬಳಿಸಿದರು. ಅವುಗಳ ನೆಂಟರೆಂದು ನಂಬಿ ಒಂದು ದಿನ ನಿಜವಾದ ನವಿಲು ಬಂತು. ಸಸಿ ತುಳಿದೀತೆಂದು ಡಬ್ಬ ಬಡಿದು ಓಡಿಸಿದರು. ಗಾರೆಯ ನವಿಲು ಕಾಳು ಕೇಳುವುದಿಲ್ಲ, ಹಿಕ್ಕೆ ಹಾಕುವುದಿಲ್ಲ. ಭಾವನವರಿಗೆ ಒಪ್ಪುವ ವನ್ಯಜೀವಿ ಅದೇ.

ಉದ್ಯಾನದ ನಟ್ಟನಡುವೆ, ನವಿಲುಗಳ ಮಧ್ಯೆ, ಕೆಂಪು ದಂಟಿನ ಬೀಜವನ್ನು ಅಕ್ಷರದ ಆಕಾರದಲ್ಲಿ ಬಿತ್ತಿಸಿದರು: ಸ್ವಾಗತ. ಅದು ಒತ್ತಾಗಿ, ಕೆಂಪಗೆ, ಕಣ್ಣಿಗೆ ಬೀಳುವ ಹಾಗೆ ಎದ್ದಿತು ಎಂಬುದನ್ನು ಒಪ್ಪುತ್ತೇನೆ. ಕರಿಬೇವಿಗೆ ಬಂದ ಪಕ್ಕದ ಮನೆಯ ಸಣ್ಣಜ್ಜಿ ನೋಡಿ, “ಅಲ್ಲ ಕಣಮ್ಮ, ಸೊಪ್ಪನ್ನ ಸಾಲಾಗಿ ಬಿತ್ತೋಕೆ ನಿಮ್ ಭಾವನಿಗೆ ಬರಾಕಿಲ್ವಾ? ಇಂಗೆ ಅಂಕುಡೊಂಕು ಮಾಡವ್ರಲ್ಲ!” ಎಂದಳು. ನನಗೆ ಅಕ್ಷರ ಬರುತ್ತದೆ. ಆದರೂ ಅದನ್ನು ನೋಡಿದಾಗಲೆಲ್ಲ ಮನಸ್ಸಿಗೆ ಬರುತ್ತಿದ್ದುದು ಹುಳಿಯೇ.

ನಗು ಅಲ್ಲಿಗೆ ನಿಂತಿತು. ಮಧುಗಿರಿಯ ಅಮಲ್ದಾರರು ಕೆರೆ ನೋಡಲು ಬರುವವರಿದ್ದರು. ಅವರು ಉದ್ಯಾನ ಮೆಚ್ಚಿದರೆ ಹಿತ್ತಲನ್ನೂ ಸವರಿ, ಹೊಂಗೆ ಬಿಲ್ವ ಉರುಳಿಸಿ, ಬಾಗಿಲಿಗೆ ಬೀಗ ಹಾಕಿ ಅಲ್ಲೂ ಹುಲ್ಲುಹಾಸು ಮಾಡುವುದೆಂದು ತೀರ್ಮಾನವಾಯಿತು. ನಮ್ಮ ಯಜಮಾನರು ಅಣ್ಣನೆದುರು ಕೆಮ್ಮುವವರೂ ಅಲ್ಲ. ನಾನು ಭಾವನವರೊಡನೆ ನೇರ ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ. ಹೇಳಬೇಕಾದದ್ದನ್ನು ಹಸುವಿನ ಮುಂದೆ, ಅವರಿಗೆ ಕೇಳುವ ಹಾಗೆ ಹೇಳುವುದು. “ಗೌರೀ, ಹೊಂಗೆ ಹೋದ್ರೆ ನಿಂಗೆಲ್ಲಮ್ಮ ನೆರಳು? ಶಿವನಿಗೆ ಪತ್ರೆ ಯಾವ ಅಂಗಡೀಲಿ ತರೋಣ?” ಎಂದೆ. ಜಗಲಿಯಿಂದ ಉತ್ತರವೂ ಹಸುವಿಗೇ ಬಂತು. “ಗೌರೀ, ನಿಂಗೆ ಕೊಟ್ಟಿಗೆ ಐತೆ. ಶಿವನ್ಗೆ ಗುಡಿ ಐತೆ. ಸುಮ್ಕೆ ಉಲ್ಲು ತಿನ್ನು.” ಗೌರಿ ನಮ್ಮಿಬ್ಬರ ಮಾತನ್ನೂ ಮೆಲುಕು ಹಾಕುತ್ತ ತಟಸ್ಥಳಾಗಿದ್ದಳು. ಅಂದು ಸಂಜೆ ಬಿಲ್ವದ ಬುಡಕ್ಕೆ ಎರಡು ಕೊಡ ನೀರು ಹೆಚ್ಚು ಹಾಕಿದೆ. ಬೇರೇನು ಮಾಡಲಿ?

ಅಮಲ್ದಾರರು ಬರುವ ದಿನ ಭಾವನವರು ನಸುಕಿಗೇ ಪೇಟ ಸುತ್ತಿಕೊಂಡು ಅವರನ್ನು ಎದುರುಗೊಳ್ಳಲು ಕೆರೆಯ ಏರಿಗೆ ಹೋದರು. ಬೆಳಕು ಹರಿದ ಮೇಲೆ ಬಾಗಿಲಿಗೆ ನೀರು ಹಾಕಲು ಬಂದು ನೋಡುತ್ತೇನೆ, ದಂಟಿನ ಮೊದಲ ಅಕ್ಷರವೇ ಇಲ್ಲ! ಬೇಲಿ ಹೋದ ಮೇಲೆ ಅದರ ಬುಡದ ಹುಲ್ಲೂ ಹೋಗಿ, ಹಸಿದ ಮೊಲ ತಂತಿಯಡಿ ನುಸುಳಿ ಬಂದು ‘ಸ್ವಾ’ ಎಂಬುದನ್ನು ದೀರ್ಘದ ಸಮೇತ ನೆಲಮಟ್ಟ ಮೇಯ್ದು ಹೋಗಿತ್ತು. ಕೂಗಿ ಕರೆದು ತೋರಿಸಿದರೆ, ಆಳು ನರಸಣ್ಣ ತಲೆ ಕೆರೆದು, “ಇನ್ನೂ ಎಲ್ಡು ಉಳ್ದವಲ್ಲವ್ವ, ಸಾಲಾಕಿಲ್ವಾ?” ಎಂದ. ರಂಗೋಲಿಯಿಂದಾದರೂ ತುಂಬೋಣವೆಂದು ಬಟ್ಟಲು ತರುವಷ್ಟರಲ್ಲಿ ಗಾಡಿಯ ಗೆಜ್ಜೆ ಕೇಳಿಸಿತು.

ಅಮಲ್ದಾರರು ಇಳಿದರು, ಭಾವನವರು ಹಾರ ಹಿಡಿದು, ಉದ್ಯಾನಕ್ಕೆ ಬೆನ್ನು ತಿರುಗಿಸಿ, ಅದನ್ನೇ ವರ್ಣಿಸತೊಡಗಿದರು. ಅಮಲ್ದಾರರು ಎರಡು ನೀಲಿ ನವಿಲುಗಳ ನಡುವೆ ಕೆಂಪಗೆ ನಿಂತ ‘ಗತ’ ಎಂಬುದನ್ನು ಓದಿ, ಹಾರಕ್ಕೆ ಚಾಚಿದ ಕತ್ತನ್ನು ಹಿಂದಕ್ಕೆಳೆದು, ದನಿ ತಗ್ಗಿಸಿ ಕೇಳಿದರು: “ಛೆ, ಯಾರು ಹೋದದ್ದು? ಎಷ್ಟು ದಿನವಾಯಿತು? ಸಮಾಧಿಯನ್ನು ಬಹಳ ಚೆನ್ನಾಗಿ ಮಾಡಿಸಿದ್ದೀರಿ.” ಸೂತಕದ ಮನೆಯಲ್ಲಿ ತಮಗೆ ನೀರೂ ಬೇಡ, ಎತ್ತುಗಳಿಗೆ ನೀರು ತೋರಿಸಿದರೆ ಸಾಕು ಎಂದು ಗಾಡಿಯ ಹಿಂದೆಯೇ ಹಿತ್ತಲಿಗೆ ನಡೆದುಬಿಟ್ಟರು. ಭಾವನವರು ತಿರುಗಿ ನೋಡಿದರು. ಕೊನೆಗೆ ನರಸಣ್ಣನೇ ಹಿಂದೆ ಓಡಿ, “ಯಾರೂ ಓಗಿಲ್ಲ ಬುದ್ಧಿ! ಮೊಲ ಬಂದೋಗೈತೆ, ಅಷ್ಟೇಯ!” ಎಂದು ಕೂಗಿದ.

ಅಮಲ್ದಾರರು ಹೊಂಗೆಯಡಿಯ ಕಲ್ಲಿನ ಮೇಲೆ ಕೂತು ಶಲ್ಯ ಜಾರುವಷ್ಟು ನಕ್ಕರು. ನಾನು ಕಳಿಸಿದ ಮಜ್ಜಿಗೆ ಕುಡಿದರು. ಬಾನಿಯ ಅಂಚಿನ ಅಳಿಲು ಅವರ ಪದವಿಯನ್ನು ಲೆಕ್ಕಿಸದೆ ತನ್ನ ಪಾಡಿಗೆ ನೀರು ಕುಡಿಯಿತು. “ಇಲ್ಲಿ ತಂಪಾಗಿದೆ. ಇನ್ನು ಮುಂದೆ ಈ ಕಡೆ ಬಂದಾಗಲೆಲ್ಲ ಗಾಡಿ ಇಲ್ಲೇ ಬಿಡಿಸೋಣ” ಎಂದು ಹೇಳಿ ಹೊರಟರು. ಶಿವನ ಶಿಫಾರಸಿನಿಂದ ಉಳಿಯದ ಮರ ಅಮಲ್ದಾರರ ಎತ್ತುಗಳ ಶಿಫಾರಸಿನಿಂದ ಉಳಿಯಿತು. ಹೇಗೆ ಉಳಿದರೇನು, ಅದೂ ಅವನದೇ ದಯೆಯೆಂದು ಕೈಮುಗಿದೆ.

ಸಂಜೆ ಭಾವನವರು ಕೊಟ್ಟಿಗೆಯ ಬಾಗಿಲಿಗೆ ಬಂದರು. “ಗೌರೀ,” ಎಂದರು, ನನ್ನತ್ತ ನೋಡದೆ. “ಇತ್ಲು ಅಂಗೇ ಇರ್ಲಿ ಬುಡು. ಬಾಗ್ಲಿಗೆ ಬೀಗಾನೂ ಬ್ಯಾಡ.” ಆ ರಾತ್ರಿಯ ಊಟಕ್ಕೆ ಉಳಿದೆರಡು ಅಕ್ಷರವನ್ನು ಕೊಯ್ದು ಹುಳಿ ಮಾಡಿ ಬಡಿಸಿದೆ. ಎರಡನೆಯ ಸಲವೂ ಹಾಕಿಸಿಕೊಂಡರು. ಏನು ಸೊಪ್ಪೆಂದು ಕೇಳಲಿಲ್ಲ.

ಮೊನ್ನೆ ಭಾವನವರ ಮಗಳು ನನಗೂ ಒಂದು ‘ಸ್ವಾಗತ’ ಹೆಣೆದು ತಂದಳು; ಗಿಣಿ ಎರಡೂ ಇವೆ. ಗಾಜು ಹಾಕಿಸದೆ ಹಿತ್ತಲ ಬಾಗಿಲಿಗೆ ತೂಗುಹಾಕಿದ್ದೇನೆ. ಇಂದು ಬೆಳಿಗ್ಗೆ ಪತ್ರೆ ಕೊಯ್ಯುತ್ತ ನೋಡಿದೆ: ಗುಬ್ಬಿಯೊಂದು ಜೋತುಬಿದ್ದು ‘ಸ್ವಾ’ದ ಕೆಂಪು ದಾರವನ್ನು ಗೂಡಿಗೆಂದು ಎಳೆಯುತ್ತಿತ್ತು. ಅದು ಬಿಗಿಯಾಗಿತ್ತು, ಹೋಗಿ ಗಂಟು ಸಡಿಲಿಸಿಕೊಟ್ಟು ಬಂದೆ.