ನಮ್ಮ ಮನೆಯ ಬಲಕ

ಕೊಲ್ಹಾಪುರದ ಆಸ್ಪತ್ರೆಯಲ್ಲಿ ಡಾಕ್ಟರು ಮರಾಠಿಯಲ್ಲಿ ‘ಬಲಕ’ ಎಂದ ಕೂಡಲೇ ನನ್ನ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬಲಕ ಎಂದರೆ ತತ್ತಿಯ ಒಳಗಿನ ಹಳದಿ. ನಾವು ಇಚಲಕರಂಜಿಯ ಜೈನರು, ಹೊತ್ತು ಮುಳುಗಿದ ಮೇಲೆ ಊಟವನ್ನೇ ಮಾಡದ ಮನೆತನ. ಅಂಥ ಮನೆಯ ಮೂರು ವರ್ಷದ ನನ್ನ ಮಗಳ ಬೆನ್ನಿನ ಬುಡದಲ್ಲಿ ಬಲಕದ ಜಾತಿಯ ಕ್ಯಾನ್ಸರ್ ಗಡ್ಡೆ.

ಹೊರಗೆ ಬಂದದ್ದೇ ತಡ, ಅವ್ವ ನನ್ನ ಹೆಂಡತಿಯ ಕಡೆ ತಿರುಗಿದಳು. “ಅಂಗನವಾಡ್ಯಾಗ ಕೂಸಿಗೆ ತತ್ತಿ ತಿನಿಸ್ಯಾರೇನ? ಖರೇ ಹೇಳು.” ಹೆಂಡತಿ ಗೋಡೆಗೆ ಮುಖ ಮಾಡಿ ಅತ್ತಳು. ನನ್ನ ಸಿಟ್ಟು ನೆತ್ತಿಗೇರಿತು. ಆದರೆ ಅವ್ವನ ಮೇಲೆ ಹರಿಹಾಯಲು ಮನಸ್ಸಾಗದೆ ಮತ್ತೆ ಡಾಕ್ಟರ ಕೋಣೆಗೇ ನುಗ್ಗಿದೆ.

ಸಿಟ್ಟಿನಲ್ಲಿ ಮರಾಠಿ ಮರೆತು ಕನ್ನಡದಲ್ಲೇ ಶುರು ಮಾಡಿದ್ದೆ. ಡಾಕ್ಟರಮ್ಮ ನಕ್ಕರು. “ನಮ್ಮ ಊರು ಗಡಹಿಂಗ್ಲಜ ರೀ. ಕೂಡ್ರಿ, ಕನ್ನಡದಾಗ ಹೇಳತೀನಿ. ತತ್ತಿ ತಿಂದು ಬರೂದಲ್ಲ ಇದು. ತಾಯಿ ಹೊಟ್ಟ್ಯಾಗ ಎಲ್ಲಾ ಕೂಸಿಗೂ ಬಲಕದ್ದೊಂದು ಚೀಲ ಇರ್ತೈತಿ. ನಿಮಗೂ ಇತ್ತು, ನನಗೂ ಇತ್ತು. ಆಮ್ಯಾಲ ಕರಗತೈತಿ. ಈಗ ನಿಮ್ಮ ಮಗಳ ಮೈಯಾಗ, ಮುಂದ ಅಂಡಾಣು ಆಗಬೇಕಿದ್ದ ಒಂದು ಬೀಜಕೋಶ ದಾರಿ ತಪ್ಪಿ, ಆ ಹಳೇ ಚೀಲದ ಕೆಲಸಾನ ಮತ್ತ ಮಾಡಾಕತ್ತೈತಿ.”

ಒಬ್ಬರ ಮೈಯ ಕೋಶಗಳಲ್ಲೆಲ್ಲ ಜೀನುಗಳು ಅವೇ ಅಂತೆ. ಯಾವುದು ಎದ್ದಿದೆ, ಯಾವುದು ಮಲಗಿದೆ ಎನ್ನುವುದರಲ್ಲೇ ಫರಕು. ಬೀಜಕೋಶದ ಇನ್ನೊಂದು ಜಾತಿಯ ಗಡ್ಡೆಯಲ್ಲಿ ಎದ್ದಿರುವ ಜೀನುಗಳೇ ಬೇರೆ. ಇದೇ ಬಲಕದ ಗಡ್ಡೆ ದೊಡ್ಡವರಿಗಾದರೆ ಸೂಕ್ಷ್ಮದರ್ಶಕದಲ್ಲಿ ಇಂಥದ್ದೇ ಕಾಣುತ್ತದೆ, ಆದರೆ ಒಳಗೆ ಎದ್ದು ಕೂತ ಜೀನುಗಳು ಮಕ್ಕಳದಕ್ಕಿಂತ ಬೇರೆ.

“ಅಂದ್ರ ಡಾಬಿ” ಎಂದು ನಾನು ಎದ್ದೇ ನಿಂತೆ.

ನನ್ನ ಸ್ವಭಾವವೇ ಹಾಗೆ, ಯಾವುದಾದರೂ ಯಂತ್ರದ ಹೊಟ್ಟೆ ಕಂಡರೆ ಮೈಮೇಲೆ ಎಚ್ಚರ ಇರುವುದಿಲ್ಲ. ಡಾಬಿ ಎಂದರೆ ನಮ್ಮ ಪವರ್‌ಲೂಮಿನ ತಲೆಯ ಮೇಲೆ ಕೂತು, ಯಾವ ಎಳೆ ಏಳಬೇಕು, ಯಾವುದು ಕೆಳಗಿರಬೇಕು ಎಂದು ಹೇಳುವ ಮೊಳೆಗಳ ಸರಪಳಿ. ಹಾಸಿನ ನೂಲು ಅದೇ ಇದ್ದರೂ ಮೊಳೆ ಬದಲಿಸಿದರೆ ಅಂಚು ಬದಲಾಗುತ್ತದೆ. ಹಳೇ ಸರಪಳಿ ಬಿಚ್ಚದೆ ಬಿಟ್ಟರೆ ಹೊಸ ಬಟ್ಟೆಯಲ್ಲೂ ಹಳೇ ಅಂಚೇ ಬರುತ್ತದೆ. ಮಗಳ ಮೈಯೊಳಗೆ ಆದದ್ದು ಅದೇ. ಭಯ ಹೋಗಲಿಲ್ಲ, ಆದರೆ ವೈರಿಯ ಮುಖ ಕಂಡಂತಾಗಿ ಹುರುಪು ಬಂತು.

ಹೊರಗೆ ಬಂದು ಇದನ್ನೇ ಹೇಳಿದಾಗ, “ಕೂಸಿಗೆ ಕ್ಯಾನ್ಸರ್ ಅಂದ್ರ ನಿಮಗ ಮಗ್ಗ ನೆನಪಾತೇನ?” ಎಂದು ಹೆಂಡತಿ ಬೈದಳು. ಮರುದಿನ ತಾನೇ ಮಗ್ಗದ ಶೆಡ್ಡಿಗೆ ಬಂದು ಆ ಮೊಳೆಗಳನ್ನು ಬಹಳ ಹೊತ್ತು ನೋಡುತ್ತ ನಿಂತಳು.

ಔಷಧಿ ಶುರುವಾಯಿತು. ಆ ಗಡ್ಡೆ ರಕ್ತಕ್ಕೆ ಒಂದು ಪ್ರೋಟೀನು ಬಿಡುತ್ತದೆ, ಅದು ಇಳಿದರೆ ಮದ್ದು ಹತ್ತಿದ ಹಾಗೆ ಎಂದಿದ್ದರು ಡಾಕ್ಟರು. ನಾನು ಅವ್ವನಿಗೆ ಎಲ್ಲ ಬಿಡಿಸಿ ಹೇಳಿದೆ. “ನನಗೂ ಇತ್ತಂತೇನ ಆ ಚೀಲ?” ಎಂದು ಒಂದೇ ಮಾತು ಕೇಳಿದಳು. ಆದರೆ ಬಲಕ ಎಂಬ ಶಬ್ದ ಮನೆಯಲ್ಲಿ ಆಡುವಂತಿರಲಿಲ್ಲ, ‘ಆ ಪದಾರ್ಥ’ ಎನ್ನಬೇಕು. ಮಗಳ ಕೂದಲು ಉದುರಿತು. ಅವಳು ಬೋಳುತಲೆ ಸವರಿಕೊಂಡು ನಗುತ್ತಿದ್ದಳು, ನಮಗೆ ನಗಲು ಆಗುತ್ತಿರಲಿಲ್ಲ.

ರಕ್ತ ಪರೀಕ್ಷೆಯ ಫಲಿತಾಂಶ ಹೇಳಲು ಡಾಕ್ಟರ ಫೋನು ಬಂದಾಗ ನಾನು ಶೆಡ್ಡಿನಲ್ಲಿದ್ದೆ. “ಭಾಳ ಇಳಿದೈತ್ರಿ. ಆಪರೇಶನ್ ಇನ್ನೂ ಐತಿ, ಆದ್ರ ಔಷಧಿ ಹತ್ತೈತಿ.” ಚಪ್ಪಲಿಯನ್ನೂ ಮೆಟ್ಟದೆ ಬಸದಿಗೆ ಓಡಿದೆ. ಅಲ್ಲಿ ಅವ್ವ, ನನ್ನ ಹೆಂಡತಿ, ಓಣಿಯ ಹೆಂಗಸರೆಲ್ಲ ಅಕ್ಕಿ ಆರಿಸುತ್ತ ಕೂತಿದ್ದರು.

“ಆ ಪದಾರ್ಥ ಇಳಿದೈತಿ ಅವ್ವ.”

ನಮ್ಮ ಓಣಿಯಲ್ಲಿ ಮಗ್ಗಗಳ ಸದ್ದಿಗೆ ಮೆಲ್ಲನೆಯ ಮಾತು ಯಾರಿಗೂ ಕೇಳುವುದಿಲ್ಲ. “ಏನು?” ಎಂದಳು. ಮತ್ತೆ ಹೇಳಿದೆ. ಅವ್ವ ಮೊರ ಕೆಳಗಿಟ್ಟು ಸೊಸೆಯ ಕೈ ಹಿಡಿದುಕೊಂಡಳು. ಆಮೇಲೆ ಮಗ್ಗಕ್ಕಿಂತ ದೊಡ್ಡ ದನಿಯಲ್ಲಿ ಎಲ್ಲರಿಗೂ ಹೇಳಿದಳು.

“ನನ್ನ ಮೊಮ್ಮಗಳ ಬಲಕ ಇಳಿದೈತ್ರಿ.”

ಒಬ್ಬ ಹೆಂಗಸು ಬೆಚ್ಚಿ ದೇವರ ಕಡೆ ನೋಡಿದಳು. “ಯಾಕ ಹೆದರತೀರಿ?” ಎಂದಳು ಅವ್ವ. “ನಿಮಗೂ ಇತ್ತು.”